ಕಾಗದ ನೋಡಿಸಿದಿರಿ, ಮನೆ ನೋಡಿಸಿದಿರಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲೋ ಮಂಡ್ಯದಲ್ಲೋ ಕಟ್ಟಿದ ಮನೆ ತಗೊಳ್ಳುವ ಯೋಚನೆ ಇದೆಯಾ? ಹಾಗಿದ್ದರೆ ಇವತ್ತಿನ ಮಾತು ನಿಮಗೇ.

ನಮ್ಮ ಕಡೆ ಮನೆ ಕೊಳ್ಳುವವರು ಇ.ಸಿ. (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ) ತೆಗೆಸುತ್ತಾರೆ. ಖಾತೆ ಯಾರ ಹೆಸರಲ್ಲಿದೆ ಅಂತ ನೋಡುತ್ತಾರೆ. ವಕೀಲರಿಗೆ ಕಾಗದ ಕೊಟ್ಟು ಲೀಗಲ್ ಒಪಿನಿಯನ್ ತಗೊಳ್ಳುತ್ತಾರೆ. ವಾಸ್ತು ಕೂಡ ನೋಡಿಸುತ್ತಾರೆ. ಎಲ್ಲಾ ಸರಿ. ಆದರೆ ಆ ಮನೆಯ ತಾರಸಿ ಹತ್ತಿದವರು ಎಷ್ಟು ಜನ? ಸಂಪಿನ ಮುಚ್ಚಳ ತೆಗೆಸಿದವರು ಎಷ್ಟು ಜನ? ಇಪ್ಪತ್ತು ವರ್ಷ ಸಾಲ ಕಟ್ಟಬೇಕಾದ ಮನೆಯನ್ನು ಹಾಲ್‌ನಲ್ಲಿ ಕೂತು ಕಾಫಿ ಕುಡಿಯುವಷ್ಟರಲ್ಲಿ ಒಪ್ಪಿಕೊಂಡುಬಿಡುತ್ತೇವೆ. ನನಗೆ ಇದು ನಿಜಕ್ಕೂ ಸಂಕಟ ಆಗುವ ವಿಷಯ.

‘ಬ್ಯಾಂಕಿನವರು ಬಂದು ನೋಡಿದರಲ್ಲ’ ಅನ್ನುತ್ತಾರೆ. ಆ ವ್ಯಾಲ್ಯೂಯರ್, ಅಂದರೆ ಆಸ್ತಿಗೆ ಬೆಲೆ ಕಟ್ಟುವವರು, ಬರುವುದು ಬ್ಯಾಂಕಿನ ಪರವಾಗಿ. ಕೊಡುವ ಸಾಲಕ್ಕೆ ಆಸ್ತಿ ಬಾಳುತ್ತಾ ಅಂತ ನೋಡಿ ಹೋಗುತ್ತಾರೆ. ಬಾತ್‌ರೂಮಿನ ನೀರು ಪಕ್ಕದ ರೂಮಿನ ಗೋಡೆಗೆ ಇಳಿಯುತ್ತಿದೆಯಾ ಅಂತ ನಿಮಗೋಸ್ಕರ ಹುಡುಕುವುದಿಲ್ಲ.

ಕಾನೂನು ಏನು ಹೇಳುತ್ತೆ? 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರುವವರಿಗೆ ಗೊತ್ತಿದ್ದು, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದ ದೊಡ್ಡ ದೋಷವನ್ನು ಮಾರುವವರೇ ತಿಳಿಸಬೇಕು. ಹಾಗಾದರೆ ನೋಡಿದರೆ ಕಾಣುವಂಥದ್ದು? ಅದನ್ನು ನೀವೇ ನೋಡಿಕೊಳ್ಳಬೇಕು. ರೇರಾ ಕಾಯ್ದೆಗೆ (ಬಿಲ್ಡರ್‌ಗಳ ಮೇಲೆ ನಿಯಂತ್ರಣ ಇಡುವ ರಿಯಲ್ ಎಸ್ಟೇಟ್ ಕಾಯ್ದೆ) ಸೇರುವ ಬಿಲ್ಡರ್ ಮನೆಯಾದರೆ, ಸ್ವಾಧೀನ ಕೊಟ್ಟ 5 ವರ್ಷದೊಳಗೆ ಕಟ್ಟಡದ ದೋಷ ಕಂಡು ನೀವು ತಿಳಿಸಿದರೆ, 30 ದಿನದಲ್ಲಿ ಅವರ ಖರ್ಚಿನಲ್ಲೇ ಸರಿಮಾಡಿಕೊಡಬೇಕು. ಕುವೆಂಪುನಗರದಲ್ಲಿ ಯಾರೋ ಸ್ವಂತಕ್ಕೆ ಕಟ್ಟಿಸಿದ ಹಳೇ ಮನೆ ತಗೊಂಡರೆ ಈ ಆಸರೆ ಇಲ್ಲ.

ಅದಕ್ಕೇ ಹೇಳುತ್ತಿದ್ದೇನೆ, ಒಬ್ಬ ಸಿವಿಲ್ ಎಂಜಿನಿಯರ್‌ಗೆ ಫೀಸು ಕೊಟ್ಟು ಮನೆ ತೋರಿಸಿ. ಬ್ರೋಕರ್ ಕರೆತಂದವರು ಬೇಡ. ರಿಪೇರಿ ಕಂಟ್ರಾಕ್ಟ್ ಹಿಡಿಯುವವರೂ ಬೇಡ. ಹಗಲು ಬೆಳಕಿನಲ್ಲಿ ಕರೆದುಕೊಂಡು ಹೋಗಿ, ನೀವೂ ಜೊತೆಗೇ ಇರಿ.

ಅವರು ಜಾಸ್ತಿ ಹೊತ್ತು ನಿಲ್ಲುವುದು ಬಿರುಕು ಮತ್ತು ತೇವದ ಮುಂದೆ. ಗಾರೆಯ ಮೇಲೆ ಕೂದಲೆಳೆಯಂಥ ಗೆರೆಗಳು ಬಹಳ ಮನೆಗಳಲ್ಲಿ ಇರುತ್ತವೆ, ಅದಕ್ಕೆ ಹೆದರಬೇಡಿ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಹೋಗ್ತಾ ಹೋಗ್ತಾ ಅಗಲವಾಗಿ, ಗೋಡೆಯ ಹೊರಗೂ ಅದೇ ಜಾಗದಲ್ಲಿ ಕಾಣುವ ಬಿರುಕು ಬೇರೆ. ತಳಪಾಯ ಒಂದು ಕಡೆ ಕುಸಿದಿರಬಹುದು. ಮಂಡ್ಯದಲ್ಲಿ ಇದನ್ನು ಇನ್ನೂ ಗಮನವಿಟ್ಟು ನೋಡಬೇಕು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿದ ಗದ್ದೆಗಳಿಗೆ ಮಣ್ಣು ತುಂಬಿಸಿ ಮಾಡಿದ ಬಡಾವಣೆಗಳಿವೆ. ತುಂಬಿದ ಮಣ್ಣು ವರ್ಷಗಟ್ಟಲೆ ಕೂರುತ್ತಲೇ ಇರುತ್ತೆ. ತಳಪಾಯ ಕೆಳಗಿನ ಗಟ್ಟಿ ನೆಲ ಮುಟ್ಟಿದೆಯಾ ಅನ್ನುವ ಪ್ರಶ್ನೆಯನ್ನು ಕೇಳಲೇಬೇಕು. ಆ ಸೈಟು ಮೊದಲು ಏನಾಗಿತ್ತು ಅಂತ ಅಕ್ಕಪಕ್ಕದ ಹಿರಿಯರನ್ನೂ ವಿಚಾರಿಸಿ. ಅವರಿಗೆ ಖಂಡಿತ ನೆನಪಿರುತ್ತೆ.

ಅಂಥ ನೆಲದಲ್ಲಿ ತೇವ ಕೆಳಗಿನಿಂದ ಮೇಲೆ ಏರುತ್ತೆ. ಸ್ಕರ್ಟಿಂಗ್‌ನಿಂದ (ಗೋಡೆಯ ಬುಡಕ್ಕೆ ಹಾಕುವ ಟೈಲ್ಸ್ ಪಟ್ಟಿ) ಒಂದೆರಡು ಅಡಿ ಎತ್ತರಕ್ಕೆ ಬಣ್ಣ ಉಬ್ಬಿರುತ್ತೆ. ಬೆರಳಲ್ಲಿ ಒತ್ತಿದರೆ ಗಾರೆ ಪುಡಿಪುಡಿಯಾಗಿ ಉದುರುತ್ತೆ, ಕೈಗೆ ಬಿಳಿ ಉಪ್ಪು ಅಂಟುತ್ತೆ. ಅದೇ ಚೌಳು. ಪುಟ್ಟಿ ಬಳಿದು ಹೊಸ ಬಣ್ಣ ಹೊಡೆದರೆ ಕೆಲವು ತಿಂಗಳು ಮುಚ್ಚಿಕೊಳ್ಳುತ್ತೆ, ಆಮೇಲೆ ಮತ್ತೆ ಬರುತ್ತೆ. ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಇದ್ದರೆ ಯಾಕೆ ಅಂತ ಕೇಳಿ. ಗೋಡೆಗೆ ಒತ್ತಿ ಬೀರು ಇಟ್ಟಿದ್ದರೆ ಸ್ವಲ್ಪ ಸರಿಸಿ ಅನ್ನಿ. ಸಂಕೋಚ ಬೇಡ, ಕೊಡುತ್ತಿರುವುದು ನಿಮ್ಮ ದುಡ್ಡು.

ಸೀಲಿಂಗ್‌ನಲ್ಲಿ ಕಂದು ಕಲೆ ಇದ್ದು, ಕಾಂಕ್ರೀಟ್ ಪದರ ಬಿದ್ದು ಕಂಬಿ ಕಾಣುತ್ತಿದೆಯಾ? ಕಂಬಿ ತುಕ್ಕು ಹಿಡಿದಾಗ ಊದಿಕೊಂಡು ಕಾಂಕ್ರೀಟನ್ನು ತಾನೇ ಹೊರಗೆ ತಳ್ಳುತ್ತೆ. ಇದು ಬಣ್ಣದವರ ಕೆಲಸ ಅಲ್ಲ. ಸಾಧ್ಯವಾದರೆ ಒಂದು ಜೋರು ಮಳೆಯ ಮಾರನೇ ದಿನ ತಾರಸಿ ಹತ್ತಿ, ನೀರು ಎಲ್ಲಿ ನಿಂತಿದೆ ನೋಡಿ. ಕರೆಂಟ್ ವಿಷಯ ಬೇಗ ಮುಗಿಯುತ್ತೆ: ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇದ್ದರೆ ಟೆಸ್ಟ್ ಬಟನ್ ಒತ್ತಿಸಿ, ತಕ್ಷಣ ಟ್ರಿಪ್ ಆಗಬೇಕು.

ಲಕ್ಷ್ಮೀಪುರಂ, ಚಾಮರಾಜಪುರಂ ಕಡೆಯ ಹಳೇ ಕಾಲದ ಮನೆ ಇಷ್ಟಪಟ್ಟವರಿಗೆ ಒಂದು ಮಾತು. ಮದ್ರಾಸ್ ತಾರಸಿಯಾದರೆ, ಅಂದರೆ ಮರದ ತೊಲೆಗಳ ಮೇಲೆ ಇಟ್ಟಿಗೆ, ಸುಣ್ಣದ ಗಾರೆ ಹಾಕಿ ಮಾಡಿದ ತಾರಸಿಯಾದರೆ, ತೊಲೆಗಳು ಗೋಡೆಯೊಳಗೆ ಸೇರುವ ತುದಿಯನ್ನು ಪರೀಕ್ಷಿಸಬೇಕು. ತೇವ ಕುಡಿದು ಕೊಳೆಯುವುದೂ ಗೆದ್ದಲು ಹಿಡಿಯುವುದೂ ಹೆಚ್ಚಾಗಿ ಅಲ್ಲೇ. ಸುಣ್ಣದ ಗಾರೆ ಕೆಲಸ ಗೊತ್ತಿರುವ ಎಂಜಿನಿಯರ್ರೇ ಬೇಕು.

ಇಷ್ಟಾದರೂ ಟೈಲ್ಸ್ ಹಿಂದಿನ ಪೈಪು, ನೆಲದೊಳಗಿನ ತಳಪಾಯ ಯಾರ ಕಣ್ಣಿಗೂ ಪೂರ್ತಿ ಕಾಣುವುದಿಲ್ಲ. ಏನು ನೋಡಲು ಆಗಲಿಲ್ಲ ಅನ್ನುವುದನ್ನೂ ಬರೆದುಕೊಡುವವರೇ ಒಳ್ಳೇ ಎಂಜಿನಿಯರ್. ಫೋಟೋ ಸಮೇತ ವರದಿ ಕೇಳಿ. ಅದರಲ್ಲಿ ಉದ್ದನೆ ಪಟ್ಟಿ ಇದ್ದೇ ಇರುತ್ತೆ, ಗಾಬರಿ ಬೇಡ. ಯಾವುದು ಅಪಾಯ, ಯಾವುದು ಕಾಯಬಹುದು, ಸರಿಮಾಡಿಸಲು ಎಷ್ಟಾಗುತ್ತೆ ಅಂತ ಕೇಳಿಕೊಂಡು, ಆ ಲೆಕ್ಕ ಇಟ್ಟುಕೊಂಡು ರೇಟು ಮಾತಾಡಿ.

ಇದೆಲ್ಲ ಅಡ್ವಾನ್ಸ್ ಕೊಡುವ ಮುಂಚೆ ಆಗಬೇಕು. ಮಾರುವವರು ಅವಸರ ಮಾಡಿದರೆ ಸಣ್ಣ ಟೋಕನ್ ಮಾತ್ರ ಕೊಡಿ. ‘ಎಂಜಿನಿಯರ್ ಪರೀಕ್ಷೆಯಲ್ಲಿ ಕಟ್ಟಡದ ದೊಡ್ಡ ದೋಷ ಕಂಡರೆ ಈ ಹಣ ವಾಪಸ್’ ಅಂತ ಅಗ್ರಿಮೆಂಟಿನಲ್ಲಿ ನಿಮ್ಮ ವಕೀಲರಿಂದಲೇ ಬರೆಸಿ. ಎಂಜಿನಿಯರನ್ನು ಒಳಗೆ ಬಿಡುವುದೇ ಇಲ್ಲ ಅಂದರೆ, ಆ ಮನೆ ಎಷ್ಟೇ ಚೆನ್ನಾಗಿದ್ದರೂ ಬೇರೆ ಮನೆ ನೋಡಿ.