21 ದಿನದ ಲೆಕ್ಕ

ಕೇಳುಗರೇ, ನಮಸ್ಕಾರ.

ಜೀನಿನ ಪಟ್ಟಿ ಬಿಗಿಯುವಾಗ ಕಿವಿ ಹಿಂದಕ್ಕೆ ಮಡಚಿ, ತಿರುಗಿ ಕಚ್ಚಲು ಬರುವ ಹೆಣ್ಣು ಕುದುರೆಯನ್ನು ನೀವು ನೋಡಿರುತ್ತೀರಿ. ಹೋದ ವಾರ ಚೆನ್ನಾಗಿಯೇ ಓಡಿತ್ತು. ಇವತ್ತು ಹಿಮ್ಮಡಿ ತಾಗಿಸಿದರೆ ಸಾಕು, ಬಾಲ ಬೀಸುತ್ತದೆ, ಬೆನ್ನು ಬಿಗಿ ಹಿಡಿಯುತ್ತದೆ. ಲಾಯದಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: "ಹೆಣ್ಣು ಕುದುರೆ ಅಲ್ವಾ, ಹಾಗೇನೇ."

ಪಶುವೈದ್ಯನಾಗಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನೋವಿರುವ ಪ್ರಾಣಿಗೆ ಸಿಡುಕಿ ಅಂತ ಹೆಸರಿಟ್ಟು ನಾವು ಸುಮ್ಮನಾಗಿಬಿಡುತ್ತೇವೆ. ಇದಕ್ಕೆ ತದ್ವಿರುದ್ಧವಾದ ತಪ್ಪೂ ಇದೆ. ಕುದುರೆ ಏನೇ ಮಾಡಿದರೂ ಅದನ್ನು ಅಂಡಾಶಯದ ತಲೆಗೆ ಕಟ್ಟುವುದು. ಎರಡರಿಂದಲೂ ಕುದುರೆಗೆ ಉಪಕಾರವಿಲ್ಲ.

ಮೊದಲು ಒಳಗೆ ಏನು ನಡೆಯುತ್ತದೆ ಅಂತ ನೋಡೋಣ. ಹಗಲು ಉದ್ದವಾಗಿರುವ ತಿಂಗಳುಗಳಲ್ಲಿ ಹೆಣ್ಣು ಕುದುರೆ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಬೆದೆ 5ರಿಂದ 7 ದಿನ ಇರುತ್ತದೆ. ಆ ದಿನಗಳಲ್ಲಿ ಅಂಡಾಶಯದಲ್ಲಿ ನೀರು ತುಂಬಿದ ಗುಳ್ಳೆಯೊಂದು ಬೆಳೆಯುತ್ತದೆ. ನಾಲ್ಕು ಸೆಂಟಿಮೀಟರ್ ಆಸುಪಾಸಿಗೆ ಬಂದಾಗ ಒಡೆದು ಅಂಡವನ್ನು ಬಿಡುತ್ತದೆ. ಇಡೀ ಅಂಡಾಶಯವೇ ಆರೆಂಟು ಸೆಂಟಿಮೀಟರ್ ಉದ್ದ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಗುಳ್ಳೆ ಅಂದರೆ ಎಷ್ಟು ದೊಡ್ಡದು ಯೋಚಿಸಿ! ಅಂಡಾಶಯ ತೂಗಾಡುವುದು ಸೊಂಟದ ಮೂಳೆಸಾಲಿನ ಕೆಳಗೆ, ಜೀನಿನ ತುಸು ಹಿಂದೆ. ಕೆಲವು ಕುದುರೆಗಳಿಗೆ ಗುಳ್ಳೆ ಒಡೆಯುವ ಹೊತ್ತಿಗೆ ಪಕ್ಕೆ ಮುಟ್ಟಿದರೂ ಆಗುವುದಿಲ್ಲ. ಸಣ್ಣಗೆ ಹೊಟ್ಟೆನೋವು ಬಂದಂತೆ ತಿರುಗಿ ಪಕ್ಕೆ ನೋಡಿಕೊಳ್ಳುತ್ತವೆ. ಎಲ್ಲಾ ಕುದುರೆಗಳಿಗೂ ಹೀಗಾಗುವುದಿಲ್ಲ. ಹೆಚ್ಚಿನವು ಬೆದೆಯಲ್ಲಿದ್ದರೂ ತಮ್ಮ ಪಾಡಿಗೆ ಕೆಲಸ ಮಾಡುತ್ತವೆ.

ಹಾಗಾದರೆ ನಿಮ್ಮ ಕುದುರೆಗೆ ಆಗುತ್ತಿರುವುದು ಇದೇನಾ? ಅದಕ್ಕೆ ನಾನು ಮೊದಲು ಕೇಳುವುದು ಸ್ಕ್ಯಾನ್ ಅಲ್ಲ, ಕ್ಯಾಲೆಂಡರ್. ಕುದುರೆ ಕಿರಿಕಿರಿ ಮಾಡಿದ ದಿನ ಒಂದು ಗುರುತು ಹಾಕಿ. ಬೆದೆ ಕಂಡ ದಿನ ಇನ್ನೊಂದು ಗುರುತು. ಎರಡು ಮೂರು ತಿಂಗಳು ಬಿಡದೆ ಹಾಕಿ. ಎರಡು ಗುರುತೂ ಮೂರು ವಾರಕ್ಕೊಮ್ಮೆ ಜೊತೆಗೆ ಬಿದ್ದರೆ ಅಂಡಾಶಯದ ಮೇಲೆ ಅನುಮಾನ ಪಡಬಹುದು. ಕಿರಿಕಿರಿ ದಿನಾಲೂ ಇದ್ದರೆ ಬೇರೆ ಕಡೆ ಹುಡುಕಬೇಕು. ಜಠರದ ಹುಣ್ಣು, ಬೆನ್ನುನೋವು, ಸರಿಯಾಗಿ ಕೂರದ ಜೀನು, ಹಿಂಗಾಲಿನ ಕುಂಟು, ಮೂತ್ರಕೋಶದ ತೊಂದರೆ, ಇವೆಲ್ಲ ಹೊರಗೆ ಕಾಣುವುದು ಒಂದೇ ಥರ. ಇವುಗಳನ್ನು ನೋಡದೆ ಬೆದೆಗೆ ಔಷಧಿ ಕೊಡುವುದು ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಬೆದೆ ಗುರುತಿಸುವಾಗಲೂ ಸ್ವಲ್ಪ ಎಚ್ಚರ ಬೇಕು. ನಿಜವಾದ ಬೆದೆಯಲ್ಲಿರುವ ಕುದುರೆ ಆರಾಮಾಗಿ ನಿಲ್ಲುತ್ತದೆ. ಕಿವಿ ಸಡಿಲ, ಮುಖ ಸಡಿಲ, ಹಿಂಗಾಲು ಅಗಲಿಸಿ ಬಾಲ ಎತ್ತುತ್ತದೆ. ಇನ್ನೊಂದು ಕುದುರೆ ಹತ್ತಿರ ಬಂದಾಗ ಮೈ ಬಿಗಿ ಹಿಡಿದು, ಬಾಲ ಬಡಿಯುತ್ತಾ, ಚಿಮ್ಮಿಸಿ ಚಿಮ್ಮಿಸಿ ಮೂತ್ರ ಬಿಡುವ ಕುದುರೆ ಬೆದೆಯಲ್ಲಿರುವುದಕ್ಕಿಂತ ಭಯದಲ್ಲಿರುವುದೇ ಜಾಸ್ತಿ. ನೋಡುವವರಿಗೆ ಎರಡೂ ಒಂದೇ ಅನ್ನಿಸುತ್ತದೆ. ಮುಖ ನೋಡಿ, ಗೊತ್ತಾಗುತ್ತದೆ.

ಸ್ಕ್ಯಾನಿನಲ್ಲಿ ಗುಳ್ಳೆಗಳು ಕಂಡ ಕೂಡಲೇ "ಸಿಸ್ಟ್ ಇದೆಯಂತೆ" ಅಂತ ಗಾಬರಿಯಾಗುವವರೂ ಇದ್ದಾರೆ. ಹಸುಗಳಲ್ಲಿ ಕಾಣುವಂಥ, ಗುಳ್ಳೆ ಒಡೆಯದೆ ಉಳಿದುಬಿಡುವ ಸಿಸ್ಟ್ ರೋಗ ಕುದುರೆಗೆ ಇಲ್ಲ. ಚಳಿಗಾಲ ಮುಗಿದು ಹಗಲು ಉದ್ದವಾಗುವಾಗ ಅಂಡಾಶಯ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಆಗ ಗುಳ್ಳೆಗಳು ಬರುತ್ತವೆ, ಒಡೆಯದೆ ಹಾಗೇ ಕರಗುತ್ತವೆ. ಬೆದೆ ವಾರಗಟ್ಟಲೆ ಎಳೆಯುತ್ತದೆ. ಅದು ರೋಗವಲ್ಲ. ಕೆಲವೊಮ್ಮೆ ಗುಳ್ಳೆಯಲ್ಲಿ ರಕ್ತ ತುಂಬಿ ಗಟ್ಟಿಯಾಗುತ್ತದೆ. ಅದೂ ಕೆಲವು ವಾರಗಳಲ್ಲಿ ತಾನಾಗಿ ಕುಗ್ಗುತ್ತದೆ.

ನಿಜಕ್ಕೂ ಗಮನ ಕೊಡಬೇಕಾದದ್ದು ಗ್ರ್ಯಾನ್ಯುಲೋಸಾ ಸೆಲ್ ಟ್ಯೂಮರ್ ಎನ್ನುವ ಗಡ್ಡೆಗೆ. ಹೆಣ್ಣು ಕುದುರೆಯ ಅಂಡಾಶಯದಲ್ಲಿ ಅತಿ ಹೆಚ್ಚಾಗಿ ಕಾಣುವ ಗಡ್ಡೆ ಇದೇ. ನಾನು ನೋಡಿದ ಒಂದು ಕಂದು ಕುದುರೆಯ ಮಾತು ಹೇಳುತ್ತೇನೆ. ಅದನ್ನು ನೋಡಿಕೊಳ್ಳುವ ಹುಡುಗ ಬೆದೆ ಬಂದಾಗಲೆಲ್ಲ ಲಾಯದ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ಗೆರೆಗಳು ಸಾಲಾಗಿ ಬಂದು, ಒಂದು ಕಡೆ ನಿಂತೇಹೋಗಿದ್ದವು. ಬೆದೆ ಕಾಲದಲ್ಲೂ ನಾಲ್ಕು ತಿಂಗಳು ಗೋಡೆ ಖಾಲಿ. ಕುದುರೆಯ ಕತ್ತು ದಪ್ಪವಾಗುತ್ತಿತ್ತು. ಗಂಡು ಕುದುರೆಯ ಹಾಗೆ ಬೇರೆ ಹೆಣ್ಣು ಕುದುರೆಗಳ ಮೇಲೆ ಹತ್ತಲು ಹೋಗುತ್ತಿತ್ತು. ಸವಾರಿಯಲ್ಲಿ ಬಲಕ್ಕೆ ತಿರುಗಲು ಒಪ್ಪುತ್ತಲೇ ಇರಲಿಲ್ಲ. ಮೊದಲು ಗಬ್ಬ ಇಲ್ಲವೆಂದು ಖಚಿತ ಮಾಡಿಕೊಂಡೆ. ಗಬ್ಬದ ಕುದುರೆಯೂ ಕೆಲವೊಮ್ಮೆ ಹೀಗೆ ಆಡುತ್ತದೆ. ಆಮೇಲೆ ಸ್ಕ್ಯಾನ್ ಮಾಡಿದರೆ ಬಲಗಡೆ ಜೇನುಗೂಡಿನಂತೆ ಕೋಣೆ ಕೋಣೆಯಾಗಿ ಊದಿದ ಅಂಡಾಶಯ. ಎಡಗಡೆಯದು ಕುಗ್ಗಿ ಅಡಿಕೆಯಷ್ಟಾಗಿತ್ತು.

ಆ ಕುಗ್ಗಿದ ಅಂಡಾಶಯವೇ ದೊಡ್ಡ ಸುಳಿವು. ಗಡ್ಡೆ ಇನ್‌ಹಿಬಿನ್ ಎಂಬ ಹಾರ್ಮೋನನ್ನು ಸುರಿಯುತ್ತದೆ. ಅದು ಮೆದುಳಿನ ಬುಡದಿಂದ ಬರುವ ಸೂಚನೆಯನ್ನು ತಡೆಯುತ್ತದೆ, ಇನ್ನೊಂದು ಅಂಡಾಶಯ ನಿದ್ದೆಗೆ ಹೋಗುತ್ತದೆ. ಗಂಡು ಹಾರ್ಮೋನ್ ಟೆಸ್ಟೋಸ್ಟೆರೋನ್ ಏರುವುದು ಸುಮಾರು ಅರ್ಧದಷ್ಟು ಕುದುರೆಗಳಲ್ಲಿ ಮಾತ್ರ. ಹಾಗಾಗಿ ಅದೊಂದನ್ನೇ ನೋಡಿ ಗಡ್ಡೆ ಇಲ್ಲ ಅನ್ನಬಾರದು. ಈಗ, ಗಡ್ಡೆ ಇದ್ದರೆ ಏರುವ ಎ.ಎಂ.ಎಚ್. ಎಂಬ ಹಾರ್ಮೋನನ್ನು ಅಳೆಯುವ ರಕ್ತಪರೀಕ್ಷೆ ಇದೆ. ಬೆದೆ, ಗಬ್ಬ ಯಾವುದೂ ಅದರ ಮಟ್ಟವನ್ನು ಹೆಚ್ಚು ಅಲುಗಾಡಿಸುವುದಿಲ್ಲ. ಅದರ ಮೇಲೆ ನನಗೆ ಹೆಚ್ಚು ಭರವಸೆ. ಸಮಾಧಾನದ ಮಾತೆಂದರೆ, ಈ ಗಡ್ಡೆ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಬೇರೆ ಅಂಗಗಳಿಗೆ ಹರಡುವುದು ಅಪರೂಪ.

ಗಡ್ಡೆಯಿಲ್ಲದೆ ಬೆದೆಯ ದಿನಗಳಷ್ಟೇ ಕಷ್ಟವಾದರೆ ಆಲ್ಟ್ರೆನೊಜೆಸ್ಟ್ ಔಷಧಿ ಇದೆ. ದಿನಾ ಬಾಯಿಗೆ ಕೊಡಬೇಕು. ಎರಡು ಮೂರು ದಿನದಲ್ಲಿ ಬೆದೆ ನಿಲ್ಲುತ್ತದೆ. ಕೊಟ್ಟರೂ ನಡತೆ ಬದಲಾಗದಿದ್ದರೆ ತೊಂದರೆ ಅಂಡಾಶಯದ್ದಲ್ಲ, ಬೇರೆ ಎಲ್ಲೋ ಇದೆ ಅಂತಲೇ ನಾನು ತಿಳಿಯುತ್ತೇನೆ. ದಯವಿಟ್ಟು ಒಂದು ಮಾತು ಮರೆಯಬೇಡಿ. ಈ ಔಷಧಿ ಚರ್ಮದ ಮೂಲಕ ಮನುಷ್ಯರ ಮೈಗೂ ಇಳಿಯುತ್ತದೆ. ಕೈಗವಸು ಇಲ್ಲದೆ ಮುಟ್ಟಬೇಡಿ. ಬಸುರಿಯರು ಹತ್ತಿರ ಹೋಗಲೇಬಾರದು. ರೇಸು, ಸ್ಪರ್ಧೆಗಳಲ್ಲಿ ಇದಕ್ಕೆ ಬೇರೆ ಬೇರೆ ನಿಯಮಗಳಿವೆ, ಮೊದಲೇ ವಿಚಾರಿಸಿ. ಬೆದೆ ತಡೆಯಲೆಂದು ಗರ್ಭಕೋಶದೊಳಗೆ ಗಾಜಿನ ಗೋಲಿ ಇಡುವ ಪದ್ಧತಿಯನ್ನು ನಾನು ಯಾರಿಗೂ ಹೇಳುವುದಿಲ್ಲ. ಅರ್ಧಕ್ಕಿಂತ ಕಡಿಮೆ ಕುದುರೆಗಳಲ್ಲಿ ಕೆಲಸ ಮಾಡುತ್ತದೆ. ಗೋಲಿ ಒಳಗೇ ಒಡೆದ ಉದಾಹರಣೆಗಳಿವೆ.

ಎರಡೂ ಅಂಡಾಶಯ ತೆಗೆಸಿಬಿಡಿ ಎಂದು ಕೇಳುವವರಿಗೆ ಒಂದು ವಿಷಯ ಹೇಳಲೇಬೇಕು. ತೆಗೆದ ಮೇಲೂ ಕೆಲವು ಕುದುರೆಗಳು ಬೆದೆಯ ಲಕ್ಷಣ ತೋರಿಸುತ್ತವೆ. ಬೆದೆಯನ್ನು ಅಡಗಿಸುವ ಪ್ರೊಜೆಸ್ಟೆರೋನ್ ಹಾರ್ಮೋನ್ ಬರುತ್ತಿದ್ದದ್ದೂ ಅಲ್ಲಿಂದಲೇ ಅಲ್ವಾ?

ಆ ಕಂದು ಕುದುರೆಗೆ ಮಂಪರು ಕೊಟ್ಟು, ನಿಂತಿರುವಾಗಲೇ, ಪಕ್ಕೆಯಲ್ಲಿ ಸಣ್ಣ ರಂಧ್ರ ಮಾಡಿ ದುರ್ಬೀನಿನ ಸಹಾಯದಿಂದ ಗಡ್ಡೆ ಬಿಡಿಸಿದರು. ಹೊರಗೆ ತೆಗೆಯಲು ರಂಧ್ರವನ್ನು ಸ್ವಲ್ಪ ಅಗಲ ಮಾಡಬೇಕಾಯಿತು. ಕೆಲವು ವಾರಗಳ ವಿಶ್ರಾಂತಿಯ ನಂತರ ಬಲಕ್ಕೆ ತಿರುಗುವಾಗ ಇದ್ದ ಹಟ ಹೋಗಿತ್ತು. ಮಲಗಿದ್ದ ಎಡ ಅಂಡಾಶಯ ಏಳಲು ಆರು ತಿಂಗಳಿಂದ ಒಂದು ವರ್ಷ ಬೇಕಾಗಬಹುದು ಅಂತ ಹುಡುಗನಿಗೆ ಹೇಳಿದ್ದೆ. ಎಂಟನೇ ತಿಂಗಳಲ್ಲಿ ಅವನೇ ಫೋನ್ ಮಾಡಿದ. ಗೋಡೆಗೆ ಹೊಸ ಗೆರೆ ಎಳೆದಿದ್ದ.

ನಮಸ್ಕಾರ.