ಮೊದಲು ನೀರಿನ ದಾರಿ, ಆಮೇಲೆ ಸೈಟು

ಕೇಳುಗರೇ, ನಮಸ್ಕಾರ.

ನಿಮ್ಮೂರಿನ ಬೈಪಾಸ್ ದಾಟಿ ಸ್ವಲ್ಪ ಮುಂದೆ ಹೋಗಿ ನೋಡಿ. ಮೊನ್ನೆ ಮೊನ್ನೆವರೆಗೆ ರಾಗಿಯೋ ಜೋಳವೋ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಸುಣ್ಣ ಬಳಿದ ಕಲ್ಲು ನೆಟ್ಟಿರುತ್ತಾರೆ. ಎದುರಿಗೆ ದೊಡ್ಡದೊಂದು ಕಮಾನು. ಅದರ ಮೇಲೆ ಮನೆದೇವರ ಹೆಸರೋ ಮಾಲೀಕರ ಮಗಳ ಹೆಸರೋ, ಪಕ್ಕದಲ್ಲಿ ಲೇಔಟ್ ಅಂತ ಬರೆದಿರುತ್ತದೆ. ಒಳಗೆ ಚರಂಡಿ ಇಲ್ಲ, ನೀರಿನ ಟ್ಯಾಂಕ್ ಇಲ್ಲ, ಇದ್ದ ಹುಣಸೆಮರವೂ ಹೋಗಿದೆ. ಕಮಾನು ಮಾತ್ರ ರೆಡಿ.

ಸಾವಿರಾರು ಮನೆಗಳ ದೊಡ್ಡ ಬಡಾವಣೆಯ ಕಥೆಯೂ ಹೆಚ್ಚುಕಮ್ಮಿ ಇದೇ. ಮೊದಲು ಎಷ್ಟು ಸೈಟು ಬರುತ್ತವೆ ಅಂತ ಲೆಕ್ಕ. ಆಮೇಲೆ ರಸ್ತೆ. ನೀರು ಎಲ್ಲಿಂದ ಬರಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಕೊನೆಗೆ. ಈ ಕ್ರಮವನ್ನು ಪೂರ್ತಿ ತಿರುಗಿಸಬೇಕು. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟೇ.

ಹಿಂದಿನವರು ಹಾಗೆ ಯೋಚಿಸಿದ್ದೂ ಉಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಜನ ಸತ್ತರು, ಉಳಿದವರು ಊರು ಬಿಟ್ಟರು. ಮಲ್ಲೇಶ್ವರ, ಬಸವನಗುಡಿಗಳು ಬೆಳೆದದ್ದು ಆ ಭಯದ ಹಿನ್ನೆಲೆಯಲ್ಲಿ. ಮಲ್ಲೇಶ್ವರದ ಹಳೇ ಭಾಗದಲ್ಲಿ ಮನೆಗಳ ಹಿಂದೆ ಕನ್ಸರ್ವೆನ್ಸಿ ಲೇನ್ ಅಂತ ಕಿರಿದಾದ ಓಣಿಗಳಿವೆ. ಕಕ್ಕಸು ಶುಚಿ ಮಾಡುವವರು ಆ ಓಣಿಯಲ್ಲೇ ಬಂದು ಹೋಗಬೇಕಿತ್ತು. ಅದರಲ್ಲಿ ಜಾತಿಯ ಕ್ರೌರ್ಯವೂ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಆದರೆ ಒಂದು ಮಾತು ನಿಜ. ನಕ್ಷೆ ಬರೆದವರ ತಲೆಯಲ್ಲಿ ಮುಂಬಾಗಿಲಿನ ಜೊತೆಗೆ ಹಿತ್ತಿಲಿನ ಕೊಳೆಯೂ ಇತ್ತು. ಮೈಸೂರಿನಲ್ಲಂತೂ 1903ರಲ್ಲೇ ಊರಿನ ಸುಧಾರಣೆಗೆ ಅಂತ ಒಂದು ಟ್ರಸ್ಟ್ ಬೋರ್ಡ್ ಹುಟ್ಟಿತು. ಬೆಂಗಳೂರಿನ ಬೋರ್ಡ್ ಬಂದದ್ದು 1945ರಲ್ಲಿ. ಮೂರು ವರ್ಷದ ಮೇಲೆ ಜಯನಗರ ಶುರುವಾಯಿತು.

ಈಗಿನ ದೊಡ್ಡ ಬಡಾವಣೆಗೆ ಬರೋಣ. ಬೆಂಗಳೂರಿನ ಪಶ್ಚಿಮಕ್ಕೆ, ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಇದೆ. ಹನ್ನೆರಡು ಹಳ್ಳಿಗಳ ಸುಮಾರು 4,043 ಎಕರೆ ಜಮೀನಿನಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಮಾಡಿದ ಯೋಜನೆ ಅದು. ಜಮೀನು ವಶಕ್ಕೆ ಪಡೆಯುವ ಪ್ರಾಥಮಿಕ ಅಧಿಸೂಚನೆ 2008ರಲ್ಲಿ, ಅಂತಿಮ ಅಧಿಸೂಚನೆ 2010ರಲ್ಲಿ. ಸೈಟು ಹಂಚಿಕೆ ಶುರುವಾಗಿದ್ದು 2016ರಲ್ಲಿ. ಸೈಟು ಕೈಗೆ ಬಂದ ಮೇಲೂ ರಸ್ತೆ, ನೀರು, ಕರೆಂಟು ಪೂರ್ತಿಯಾಗದೆ ಎಷ್ಟೋ ಜನ ವರ್ಷಗಟ್ಟಲೆ ಮನೆ ಕಟ್ಟಲಾಗದೆ ಕಾದರು. ಒಂದು ಕಡೆ ಬ್ಯಾಂಕಿಗೆ ಸೈಟಿನ ಸಾಲದ ಕಂತು, ಇನ್ನೊಂದು ಕಡೆ ಇದ್ದ ಮನೆಗೆ ಬಾಡಿಗೆ.

ಯಾಕೆ ಹೀಗಾಗುತ್ತದೆ ಅಂತ ತಿಳಿಯಬೇಕಾದರೆ ಒಂದೇ ಒಂದು ಎಕರೆಯ ಲೆಕ್ಕ ನೋಡಿದರೆ ಸಾಕು. ಕಷ್ಟದ ಲೆಕ್ಕವೇನಲ್ಲ. ಪೆನ್ನು ಇದ್ದರೆ ಕೈಗೆತ್ತಿಕೊಳ್ಳಿ.

ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯ ಪ್ರಕಾರ ಬಡಾವಣೆಯ ಜಾಗದಲ್ಲಿ ಶೇ 15ಕ್ಕೆ ಕಡಿಮೆಯಿಲ್ಲದಂತೆ ಪಾರ್ಕು ಮತ್ತು ಆಟದ ಮೈದಾನಕ್ಕೆ ಬಿಡಬೇಕು. ಇನ್ನೊಂದು ಶೇ 10 ನಾಗರಿಕ ಸೌಲಭ್ಯಕ್ಕೆ, ಅಂದರೆ ನಾವೆಲ್ಲ ಸಿಎ ಸೈಟು ಅನ್ನುತ್ತೇವಲ್ಲ, ಅದಕ್ಕೆ. ರಸ್ತೆಗೆ ಶೇ 20 ಅಂತ ಇಟ್ಟುಕೊಳ್ಳಿ. ಉಳಿದದ್ದು ಶೇ 55. ಚದರಡಿಯಲ್ಲಿ 23,958. ಮೂವತ್ತು ನಲವತ್ತರ ಸೈಟು ಮಾಡಿದರೆ ಸರಿಸುಮಾರು ಇಪ್ಪತ್ತು ಸೈಟು.

ಈ ಇಪ್ಪತ್ತರಲ್ಲಿ ಜಮೀನು ಕೊಟ್ಟ ರೈತನಿಗೆ, ಹಣದ ಬದಲು ಭೂಮಿಯೇ ಬೇಕು ಅಂದರೆ, ಶೇ 40ರಷ್ಟು ಪಾಲು. ಅದು 9,583 ಚದರಡಿ. ಅಂದರೆ ಎಂಟು ಸೈಟಿಗೆ ಕೂದಲೆಳೆಯಷ್ಟು ಕಮ್ಮಿ. ಉಳಿದ ಹನ್ನೆರಡು ಸೈಟು ಪ್ರಾಧಿಕಾರದ್ದು. ಆ ಹನ್ನೆರಡನ್ನು ಮಾರಿ ಬಂದ ದುಡ್ಡಿನಲ್ಲೇ ಇಡೀ ಎಕರೆಗೆ ಡಾಂಬರು, ಚರಂಡಿ, ಒಳಚರಂಡಿ, ನೀರಿನ ಪೈಪು, ಕರೆಂಟು, ಎಲ್ಲ ಬರಬೇಕು.

ಈಗ ಗೊತ್ತಾಯಿತಲ್ವಾ? ಸೈಟು ಮಾರದೆ ದುಡ್ಡಿಲ್ಲ. ದುಡ್ಡಿಲ್ಲದೆ ಪೈಪಿಲ್ಲ. ಪೈಪಿಲ್ಲದ ಸೈಟನ್ನೇ ಜನರಿಗೆ ಹಂಚುತ್ತಾರೆ. ಖಾಸಗಿ ಬಡಾವಣೆಯಲ್ಲಿ ಕೆಲಸ ಮುಗಿದಷ್ಟೂ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುವ ಪದ್ಧತಿ ಇದೆ. ಒಳ್ಳೆಯ ಪದ್ಧತಿ. ಅದೇ ಕಟ್ಟುನಿಟ್ಟು ಸರ್ಕಾರಿ ಬಡಾವಣೆಗೂ ಯಾಕಿರಬಾರದು?

ರೈತನ ಎಂಟು ಸೈಟು ಅಂದೆ. ಕೇಳಲು ಚೆನ್ನಾಗಿದೆ. ಆದರೆ ಅಧಿಸೂಚನೆ ಆದ ದಿನದಿಂದ ಆ ಜಮೀನು ತ್ರಿಶಂಕು. ಬೋರ್‌ವೆಲ್ ಕೊರೆಸಲು ಧೈರ್ಯ ಬರುವುದಿಲ್ಲ. ಬೆಳೆ ಸಾಲಕ್ಕೆ ಬ್ಯಾಂಕಿನವರು ಮುಖ ತಿರುಗಿಸುತ್ತಾರೆ. ಮಗಳ ಮದುವೆಗೆ ಮಾರೋಣ ಅಂದರೆ ಕೊಳ್ಳುವವರಿಲ್ಲ. ಹಾಗೆ ಐದೋ ಹತ್ತೋ ವರ್ಷ. ಕೊನೆಗೆ ಹಂಚಿಕೆ ಪತ್ರ ಬರುವ ಹೊತ್ತಿಗೆ ಅಣ್ಣತಮ್ಮಂದಿರ ಪಾಲು ಆಗಿರುವುದಿಲ್ಲ. 2005ರ ತಿದ್ದುಪಡಿ ಬಂದ ಮೇಲೆ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಇದೆ. ಹಬ್ಬಕ್ಕೆ ಕರೆಯದವರು ಆವಾಗ ತಂಗಿಯ ಮನೆಗೆ ಅರಿಶಿನ ಕುಂಕುಮ, ಹೂವು ಹಣ್ಣು ಹಿಡಿದು ಹೋಗುತ್ತಾರೆ, ಒಂದು ಸಹಿ ಮಾಡಮ್ಮ ಅಂತ. ಇನ್ನು ಆ ಹೊಲದಲ್ಲಿ ಕಳೆ ಕೀಳುತ್ತಿದ್ದ ಆಳುಗಳಿಗೆ, ಬೆಳೆಯ ಪಾಲಿಗೆ ಉಳುತ್ತಿದ್ದವರಿಗೆ, ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ. ಯೋಜನೆ ಮಾಡುವವರು ಪಹಣಿಯಲ್ಲಿ ಹೆಸರಿದ್ದವರನ್ನು ಮಾತ್ರ ನೋಡುತ್ತಾರೆ.

ಈಗ ನೀರಿನ ವಿಷಯಕ್ಕೆ ಬರುತ್ತೇನೆ.

ಪ್ರತಿ ಹಳ್ಳಿಗೂ ಒಂದು ಗ್ರಾಮ ನಕ್ಷೆ ಇರುತ್ತದೆ. ಸರ್ವೆ ನಂಬರುಗಳ ನಡುವೆ ಹಳ್ಳ, ಕಾಲುವೆ, ಬಂಡಿದಾರಿ, ಕೆರೆ ಏರಿ ಎಲ್ಲ ಗೆರೆಗಳಾಗಿ ಇರುತ್ತವೆ. ಹಳ್ಳ, ದಾರಿ, ಸ್ಮಶಾನದ ಜಾಗ ಪಹಣಿಯಲ್ಲಿ ಬಿ ಖರಾಬು ಅಂತ ಇರುತ್ತದೆ. ಅದು ಯಾರ ಸ್ವಂತದ್ದೂ ಅಲ್ಲ. ಈ ನಕ್ಷೆಯ ಮೇಲೆ ಬಡಾವಣೆಯ ನಕ್ಷೆ ಇಟ್ಟು ನೋಡಿ. ಸೊಟ್ಟಸೊಟ್ಟಗೆ ಹರಿಯುತ್ತಿದ್ದ ಹಳ್ಳವನ್ನು ಸ್ಕೇಲ್ ಇಟ್ಟು ನೇರ ಮಾಡಿರುತ್ತಾರೆ. ಎರಡು ಕಡೆ ಕಾಂಕ್ರೀಟ್ ಗೋಡೆ, ಅಲ್ಲಲ್ಲಿ ತೊಂಬತ್ತು ಡಿಗ್ರಿ ತಿರುವು. ಸೈಟುಗಳೆಲ್ಲ ಚಚ್ಚೌಕವಾಗಿ ಬರಬೇಕಲ್ಲ, ಅದಕ್ಕೆ. ಬೇಡಿಕೆ ನಮ್ಮದೇ. ಮೂಲೆ ಸೈಟು ಬೇಕು, ಪೂರ್ವಕ್ಕೆ ಮುಖ ಇರಬೇಕು, ಈಶಾನ್ಯ ಕಟ್ಟಾಗಿರಬಾರದು. ವಾಸ್ತು ನೋಡುವವರು ಮನೆಯ ಮೂಲೆ ಮೂಲೆ ಅಳೆಯುತ್ತಾರೆ, ಊರಿನ ಇಳಿಜಾರು ಯಾವ ಕಡೆಗಿದೆ ಅಂತ ಒಬ್ಬರೂ ಕೇಳುವುದಿಲ್ಲ.

ಸಾವಿರ ಸೈಟಿನ ಬಡಾವಣೆ ಅಂದರೆ ಸುಮಾರು ಐವತ್ತು ಎಕರೆ. ಅದರ ಮೇಲೆ ಒಂದು ಸಂಜೆ 50 ಮಿಲಿಮೀಟರ್ ಮಳೆ ಸುರಿದರೆ ಬೀಳುವ ನೀರು ಒಂದು ಕೋಟಿ ಲೀಟರ್. ಉತ್ತ ಹೊಲವಾಗಿದ್ದಾಗ ಅದರಲ್ಲಿ ಬಹುಪಾಲು ಇಂಗುತ್ತಿತ್ತು, ಬದುವಿನಲ್ಲಿ ನಿಲ್ಲುತ್ತಿತ್ತು. ತಾರಸಿ, ಡಾಂಬರು, ಅಂಗಳದ ಟೈಲ್ಸ್ ಮೇಲೆ ಬಿದ್ದ ಮಳೆ ನಿಲ್ಲುವುದಿಲ್ಲ, ಓಡುತ್ತದೆ. ಎಲ್ಲಿಗೆ? ತಗ್ಗಿಗೆ. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಸರ್ಜಾಪುರ ರಸ್ತೆಯ ಕಡೆ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ನೀರು ನುಗ್ಗಿ, ಜನ ಟ್ರ್ಯಾಕ್ಟರ್ ಹತ್ತಿ ಹೊರಗೆ ಬಂದದ್ದನ್ನು ಟಿವಿಯಲ್ಲಿ ನೀವೂ ನೋಡಿದ್ದೀರಿ. ಆ ನೀರು ದಾರಿ ತಪ್ಪಿ ಬಂದದ್ದಲ್ಲ. ಅದರ ದಾರಿ ಅದೇ ಆಗಿತ್ತು.

ಕೆರೆಯಿಂದ, ರಾಜಕಾಲುವೆಯಿಂದ ಎಷ್ಟು ಮೀಟರ್ ಬಿಡಬೇಕು ಅನ್ನುವ ಜಗಳ ಹಸಿರು ನ್ಯಾಯಮಂಡಳಿಗೆ ಹೋಗಿ, 2019ರಲ್ಲಿ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ನನ್ನ ಕೇಳಿದರೆ, ಮೀಟರ್ ಲೆಕ್ಕಕ್ಕಿಂತ ಜಾಗದ ಲೆಕ್ಕ ಮುಖ್ಯ. ಕಾನೂನಿನ ಪ್ರಕಾರ ಶೇ 15 ಪಾರ್ಕಿಗೆ ಬಿಡಲೇಬೇಕಲ್ಲ, ಅದನ್ನು ಹಳ್ಳದ ಎರಡೂ ದಂಡೆಗೆ ಉದ್ದಕ್ಕೆ ಬಿಡಿ. ಮಳೆಗಾಲದಲ್ಲಿ ನೀರು ಹರಡಿಕೊಳ್ಳಲಿ, ಬೇಸಿಗೆಯಲ್ಲಿ ಮಕ್ಕಳು ಆಡಲಿ. ಈಗ ಏನಾಗುತ್ತದೆ ಅಂದರೆ, ಸೈಟು ಮಾಡಲು ಬಾರದ ತ್ರಿಕೋನ ತುಂಡುಗಳನ್ನೆಲ್ಲ ಗುಡ್ಡೆ ಹಾಕಿ ಪಾರ್ಕು ಅಂತ ತೋರಿಸುತ್ತಾರೆ. ಲೆಕ್ಕಕ್ಕೆ ಸರಿಹೋಗುತ್ತದೆ, ಒಂದು ಮರ ನೆರಳು ಬಿಡುವಷ್ಟು ಅಗಲ ಇರುವುದಿಲ್ಲ.

ಇನ್ನು ಕುಡಿಯುವ ನೀರು. ಒಳಚರಂಡಿ ಇರುವ ಊರಿನಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಅನ್ನುವುದು ಎಂಜಿನಿಯರುಗಳ ಲೆಕ್ಕ. ಸಾವಿರ ಮನೆ, ಮನೆಗೆ ನಾಲ್ಕು ಜನ. ದಿನಕ್ಕೆ 5 ಲಕ್ಷ 40 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ತೊಂಬತ್ತು ಟ್ಯಾಂಕರ್, ಪ್ರತಿದಿನ. ಬೋರ್‌ವೆಲ್ ಇದೆ ಅಂತ ಬ್ರೋಷರಿನಲ್ಲಿ ಬರೆದಿರುತ್ತಾರೆ. ಹೌದು, ಇದೆ. ಎಷ್ಟು ಇಂಚು ನೀರು, ಎಷ್ಟು ವರ್ಷ ಬರುತ್ತದೆ ಅನ್ನುವುದನ್ನು ಬರೆದಿರುವುದಿಲ್ಲ.

ಬೆಂಗಳೂರಿನ ಸುತ್ತಲಿನ 110 ಹಳ್ಳಿಗಳು 2007ರಲ್ಲಿ ಪಾಲಿಕೆಗೆ ಸೇರಿದವು. ಅವುಗಳಿಗೆ ಅಂತಲೇ ಮಾಡಿದ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಸೇರಿದ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಪಿಯುಸಿ ಓದುತ್ತಿತ್ತು. ಈ ಹದಿನೇಳು ವರ್ಷಗಳಲ್ಲಿ ಮನೆ ಕಟ್ಟುವುದೇನು ನಿಂತಿತೇ? ಬೆಂಗಳೂರಿಗಾದರೆ ದೊಡ್ಡ ಯೋಜನೆಗೆ ದುಡ್ಡು ಒದಗುತ್ತದೆ. ತುಮಕೂರು, ಚಿತ್ರದುರ್ಗ, ಗದಗದಂಥ ಊರುಗಳು ಇದೇ ಚಾಳಿ ಹಿಡಿದರೆ ಯಾವ ಐದನೇ ಹಂತಕ್ಕೆ ಕಾಯಬೇಕು?

ಹೋದ ನೀರು ಕೊಳಚೆಯಾಗಿ ಹೊರಗೆ ಬರಬೇಕಲ್ಲ. ಬಳಸಿದ್ದರಲ್ಲಿ ಶೇ 80 ಹೊರಗೆ ಬರುತ್ತದೆ. ಇಲ್ಲೊಂದು ತಮಾಷೆಯಿದೆ. ಸಾವಿರ ಮನೆಗೆ ಅಂತ ದಪ್ಪ ಪೈಪು ಹಾಕಿರುತ್ತಾರೆ. ಆದರೆ ಸೈಟು ಕೊಂಡವರಲ್ಲಿ ಜಾಸ್ತಿ ಜನ ಮನೆ ಕಟ್ಟುವುದಿಲ್ಲ. ಮಗನಿಗೆ ಇರಲಿ, ರೇಟು ಏರಲಿ ಅಂತ ಸುಮ್ನೆ ಬಿಟ್ಟಿರುತ್ತಾರೆ. ನೂರು ಮನೆಯ ನೀರು ಸಾವಿರ ಮನೆಯ ಪೈಪಿನಲ್ಲಿ ಹರಿಯುವುದಿಲ್ಲ, ತೆವಳುತ್ತದೆ. ಸೆಕೆಂಡಿಗೆ ಸುಮಾರು 0.6 ಮೀಟರ್ ವೇಗವಾದರೂ ಇಲ್ಲದಿದ್ದರೆ ಕೊಳಕು ತಳದಲ್ಲಿ ಕೂರುತ್ತದೆ, ಪೈಪು ಕಟ್ಟಿಕೊಳ್ಳುತ್ತದೆ. ಮೇಲೆ ನೋಡಿದರೆ ಖಾಲಿ ಸೈಟಿನ ತುಂಬ ಪಾರ್ಥೇನಿಯಂ, ಒಡೆದ ಇಟ್ಟಿಗೆ, ಹಾವು. ಮೊದಲು ಮನೆ ಕಟ್ಟಿದವರೇ ಪಾಪ, ಸಂಜೆಯಾದರೆ ಟಾರ್ಚ್ ಹಿಡಿದು ಓಡಾಡಬೇಕು.

ಅದಕ್ಕೇ ಐವತ್ತು ಎಕರೆಯನ್ನೂ ಒಟ್ಟಿಗೆ ಅಗೆಯಬೇಡಿ ಅನ್ನುತ್ತೇನೆ. ಹಳೆ ಊರಿಗೆ ಹತ್ತಿರದ ತುದಿಯಿಂದ ಶುರು ಮಾಡಿ, ಹತ್ತು ಎಕರೆ ತುಂಬಿದ ಮೇಲೆ ಮುಂದಿನ ಹತ್ತು. ಬಸ್ಸೂ ಆವಾಗಲೇ ಬರುತ್ತದೆ. ದೂರದಲ್ಲಿ ಚೆಲ್ಲಾಪಿಲ್ಲಿ ಇಪ್ಪತ್ತು ಮನೆ ಇದ್ದರೆ ಯಾವ ಡಿಪೋದವರು ಬಸ್ ಬಿಡುತ್ತಾರೆ? ಇಪ್ಪತ್ತು ಮೂವತ್ತರ ಸಣ್ಣ ಸೈಟುಗಳನ್ನೂ ನಡುವೆ ಇಡಿ, ಒಂದು ಮೂಲೆಗೆ ತಳ್ಳಬೇಡಿ. ಅರವತ್ತು ನಲವತ್ತರ ಮನೆಗೆ ಬೆಳಿಗ್ಗೆ ಏಳಕ್ಕೆ ಕೆಲಸಕ್ಕೆ ಬರುವ ಹೆಂಗಸು ಎಲ್ಲಿರಬೇಕು?

ಮತ್ತೊಂದು. ಬಡಾವಣೆ ನಕ್ಷೆಯಲ್ಲಿ ಶಾಲೆ, ಆಸ್ಪತ್ರೆ, ಸಮುದಾಯ ಭವನ ಎಲ್ಲ ಕೇಳುತ್ತೇವೆ. ಸ್ಮಶಾನ ಎಲ್ಲಿ ಅಂತ ಕೇಳಿದರೆ ಎಲ್ಲರೂ ಬಿಡ್ತು ಅನ್ನುತ್ತಾರೆ. ಸೈಟು ಮಾರಾಟವಾಗಲ್ಲ ಅಂತ ಅದನ್ನು ತೋರಿಸುವುದೂ ಇಲ್ಲ. ಆಮೇಲೆ ಯಾರಾದರೂ ತೀರಿಕೊಂಡ ದಿನ ಪಕ್ಕದ ಹಳ್ಳಿಯವರ ಜೊತೆ ಜಗಳ. ಆ ಹಳ್ಳಿಯವರ ಗೋಮಾಳ ಹೋಗಿದೆ, ಹಳ್ಳ ಹೋಗಿದೆ, ಈಗ ಸ್ಮಶಾನಕ್ಕೂ ಇವರೇ ಬಂದರು ಅಂದರೆ ಅವರಿಗೆ ಸಿಟ್ಟು ಬರುವುದು ಸಹಜ.

ನೀವೇನು ಮಾಡಬಹುದು ಅಂತ ಕೇಳಿದರೆ, ಮಾಡುವುದಿದೆ. ಊರಿನ ಮಹಾಯೋಜನೆಯ, ಅಂದರೆ ಮಾಸ್ಟರ್ ಪ್ಲಾನಿನ, ಕರಡು ಪ್ರಕಟವಾದಾಗ ಅದನ್ನು ಸಾರ್ವಜನಿಕರಿಗೆ ತೋರಿಸಲೇಬೇಕು. ಸಲಹೆ, ಆಕ್ಷೇಪಣೆಗೆ ಅರವತ್ತು ದಿನ ಸಮಯ ಇರುತ್ತದೆ. ಪತ್ರಿಕೆಯ ಒಳಪುಟದಲ್ಲಿ ಸಣ್ಣ ಅಕ್ಷರದ ಪ್ರಕಟಣೆ ಬರುತ್ತದೆ, ಕಣ್ಣಿಟ್ಟಿರಿ. ಗ್ರಾಮ ನಕ್ಷೆಯ ಪ್ರತಿ ಮೊದಲೇ ತೆಗೆದಿಟ್ಟುಕೊಳ್ಳಿ. ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡರೆ ನೀವು ನಿಂತ ಜಾಗ ಯಾವ ಸರ್ವೆ ನಂಬರು ಅಂತ ಅಲ್ಲೇ ತೋರಿಸುತ್ತದೆ. ಒಂದು ಜೋರು ಮಳೆ ಬಂದ ದಿನ ಆ ಜಾಗಕ್ಕೆ ಹೋಗಿ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿ ಹರಿಯುತ್ತದೆ ಅಂತ ಫೋಟೊ ತೆಗೆಯಿರಿ. ಆಕ್ಷೇಪಣೆಯನ್ನು ಬರವಣಿಗೆಯಲ್ಲೇ ಕೊಡಿ, ಆ ಫೋಟೊ ಜೊತೆಗೆ, ಸರ್ವೆ ನಂಬರು ಹಾಕಿ. ಬಾಯಲ್ಲಿ ಹೇಳಿದ್ದು ಕಡತಕ್ಕೆ ಹೋಗುವುದಿಲ್ಲ. ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ.

ನಮಸ್ಕಾರ.