ತೋಟಾ ಎಣಿಸಿ

ಕೇಳುಗರಿಗೆ ನಮಸ್ಕಾರ. ಮನೆಯಲ್ಲಿ ಲೈಸೆನ್ಸ್ ಕೋವಿ ಇಟ್ಟುಕೊಂಡಿರುವ ರೈತರನ್ನು ನೆನೆದು ಈ ಮಾತು ಆಡುತ್ತಿದ್ದೇನೆ. "ಇಷ್ಟೆಲ್ಲ ಕಾನೂನಿದ್ದರೂ ಪಾತಕಿಗಳ ಕೈಗೆ ಪಿಸ್ತೂಲು ಹೇಗೆ ಸಿಗುತ್ತದೆ?" ಎಂದು ನಾನು ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲವೂ ಜನ ಕೇಳಿದ್ದಾರೆ. ನನ್ನ ಉತ್ತರ ಒಂದೇ. ನಾವು ಕೋವಿ ಎಣಿಸುತ್ತೇವೆ, ಅದರಲ್ಲಿ ತುಂಬಿ ಹಾರಿಸುವ ತೋಟಾ ಎಣಿಸುವುದಿಲ್ಲ.

ಮಲೆನಾಡಿನ ಠಾಣೆಯೊಂದರಲ್ಲಿ ನಡೆದದ್ದು ಹೇಳುತ್ತೇನೆ. ಚುನಾವಣೆ ಬಂದಿತ್ತು. ಕೋವಿಗಳನ್ನೆಲ್ಲ ಠಾಣೆಗೆ ತಂದೊಪ್ಪಿಸಬೇಕೆಂದು ಆದೇಶ. ಎಂಬತ್ತರ ಆಸುಪಾಸಿನ ರೈತರೊಬ್ಬರು ಹಳೆಯ ಪಂಚೆಯಲ್ಲಿ ಸುತ್ತಿದ ಒಂಟಿ ನಳಿಗೆಯ ಕೋವಿ ಹೊತ್ತು ಬಸ್ಸಿಳಿದು ಬಂದರು. ಇನ್ನೊಂದು ಕೈಯಲ್ಲಿ ಹಾರ್ಲಿಕ್ಸ್ ಬಾಟಲಿ. "ಇದೇನು ಗೌಡರೇ?" ಎಂದೆ. ಬಾಟಲಿಯನ್ನು ಮೇಜಿನ ಮೇಲೆ ಸುರಿದರು. ಏಳು ತುಂಬಿದ ತೋಟಾ, ಹದಿನೆಂಟು ಖಾಲಿ. "ಇಪ್ಪತ್ತೈದು ತಂದಿದ್ದೆ ಸ್ವಾಮಿ. ಲೈಸೆನ್ಸ್ ಪುಸ್ತಕ ನೋಡಿ, ಲೆಕ್ಕ ಸರಿಯಿದೆ." ಖಾಲಿ ತೋಟಾವನ್ನು ಅವರಿಂದ ಯಾರೂ ಕೇಳಿರಲಿಲ್ಲ. ಕಾಡುಹಂದಿ ಓಡಿಸಲು ಹಾರಿಸಿದ ಒಂದೊಂದನ್ನೂ ಕತ್ತಲಲ್ಲಿ ಟಾರ್ಚ್ ಹಿಡಿದು ಹುಡುಕಿ, ಒರೆಸಿ ಇಟ್ಟಿದ್ದರು. ನಮ್ಮ ರೈಟರ್ ಕೋವಿಗೆ ಚೀಟಿ ಕಟ್ಟಿ ರಸೀದಿ ಬರೆದುಕೊಟ್ಟ. ಬಾಟಲಿಯತ್ತ ಕಣ್ಣು ಹಾಯಿಸಲೂ ಇಲ್ಲ. ಮೆಟ್ಟಿಲಿಳಿಯುತ್ತ ಗೌಡರು ಕೇಳಿದರು: "ಕಳ್ಳರೂ ತಂದಿಟ್ಟರೇ ಸ್ವಾಮಿ?"

ಅದೇ ವರ್ಷ ನಾಡ ಪಿಸ್ತೂಲೊಂದು ಸಿಕ್ಕಿತು. ಅದರ ನಳಿಗೆ ಕೊಯ್ದ ಪೈಪ್ ತುಂಡು, ಹಿಡಿ ಒರಟು ಮರದ್ದು. ಒಳಗಿದ್ದದ್ದು ಮಾತ್ರ ಗೌಡರ ಬಾಟಲಿಯಲ್ಲಿದ್ದಂಥದೇ 12 ಬೋರ್ ತೋಟಾ. ಹಿತ್ತಾಳೆಯ ಬುಡದಲ್ಲಿ 'ಕೆಎಫ್' ಎಂಬ ಅಚ್ಚು. ಪುಣೆಯ ಖಡಕಿಯಲ್ಲಿರುವ ಸರ್ಕಾರಿ ಕಾರ್ಖಾನೆಯ ಗುರುತು ಅದು! ಬಿಹಾರದ ಮುಂಗೇರ್ ಕಡೆಯ ಕಳ್ಳ ಕುಲುಮೆಗಳಲ್ಲಿ ಪಿಸ್ತೂಲು ಎಷ್ಟಾದರೂ ತಯಾರಾಗುತ್ತದೆ. ಆದರೆ ಈ ತೋಟಾ ಯಾರದೋ ಲೈಸೆನ್ಸ್ ಪುಸ್ತಕದಿಂದಲೋ ಅಂಗಡಿಯ ಲೆಕ್ಕದಿಂದಲೋ ಸೋರಿ ಬಂದದ್ದು.

1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಅಕ್ರಮ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಒಳ್ಳೆಯದಾಯಿತು. ಜೊತೆಗೆ, ಒಬ್ಬರು 3 ಕೋವಿ ಇಟ್ಟುಕೊಳ್ಳಬಹುದಾಗಿದ್ದನ್ನು 2ಕ್ಕೆ ಇಳಿಸಿದರು. ಮತ್ತೆ ಕೋವಿಯ ಎಣಿಕೆಯೇ! ಲೈಸೆನ್ಸ್ ಇರುವವನ ಮೂರನೆಯ ಕೋವಿ ಹೋದರೆ ಪಾತಕಿಗೆ ಆಗುವ ನಷ್ಟವೇನು?

ಕೊಡಗಿನ ಬಗ್ಗೆ ಹೆಚ್ಚು ಹೇಳಬೇಕೆಂದಿದ್ದೆ, ವೇಳೆಯಾಗುತ್ತಿದೆ. ಲೈಸೆನ್ಸ್ ವಿನಾಯಿತಿ ಇರುವ ಕೊಡವರು ತಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದಂದು ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಮನೆಮನೆಯಲ್ಲಿ ಕೋವಿಯಿದೆಯೆಂದು ಅಲ್ಲಿ ಯಾರೂ ಹೆದರಿಕೊಂಡು ಬದುಕುತ್ತಿಲ್ಲ.

ಲೈಸೆನ್ಸ್ ಇರುವವರು ಈ ರಾತ್ರಿಯೇ ಪುಸ್ತಕ ತೆಗೆಯಿರಿ. ಕೊಂಡದ್ದೆಷ್ಟು, ಹಾರಿಸಿದ್ದೆಷ್ಟು, ಉಳಿದದ್ದೆಷ್ಟು ಎಣಿಸಿ. ಒಂದೇ ಒಂದು ಕಡಿಮೆ ಬಂದರೂ ನಾಳೆ ಬೆಳಿಗ್ಗೆ ಠಾಣೆಗೆ ಹೋಗಿ ಬರೆದುಕೊಡಿ. ಅಲ್ಲಿರುವವರು "ಇದೆಲ್ಲ ಯಾಕೆ" ಎಂದರೂ ಬರೆದುಕೊಟ್ಟು, ರಸೀದಿ ಪಡೆದೇ ಬನ್ನಿ. ನಮಸ್ಕಾರ.